ಮಧ್ಯಾಹ್ನದೊಳಗಿನ ನೀಲಿ

ಆಗಸ್ಟ್ 4

ಕುಂಚಗಳನ್ನು ತೊಳೆದು, ತುದಿ ಚೂಪು ಮಾಡಿ, ತಲೆ ಮೇಲಾಗಿ ನಿಲ್ಲಿಸಿದ್ದಾಯಿತು. ಮೂರೇ ಕೂದಲಿನ ಕುಂಚವನ್ನು ಮುಟ್ಟಲಿಲ್ಲ. ಅದು ಹೂವಿನ ಕೇಸರದ ತುದಿ ಬರೆಯಲು ಮಾತ್ರ. ಅದರ ಸ್ನಾನಾದಿಗಳು ದೊಡ್ಡಜ್ಜಿಯವರ ಅಮೃತಹಸ್ತಕ್ಕೇ ಮೀಸಲು.

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಕಾಲೇಜಿನಿಂದ ಒಂದು ವರ್ಷದ ಮಟ್ಟಿಗೆ ಹೊರಹಾಕಲ್ಪಟ್ಟ ನಾನು ಸದರಿ ದೊಡ್ಡಜ್ಜಿಯವರ ಚಿತ್ರಶಾಲೆಯಲ್ಲಿ ಕುಂಚ ತೊಳೆಯುವ, ಬಣ್ಣ ತುಂಬಿಡುವ, ಹಾಗೂ ಅವರು ಹೇಳಿದಂತೆ ಅವರ ಜೀವನಚರಿತ್ರೆ ಬರೆದುಕೊಳ್ಳುವ ಹುದ್ದೆಯನ್ನು ಅಲಂಕರಿಸಿದ್ದೇನೆ. ಅಪರಾಧ: ಪ್ರಿನ್ಸಿಪಾಲರು ಗಟ್ಟಿಮುಟ್ಟಾಗಿರುವಾಗಲೇ ಅವರಿಗೊಂದು ಸಂತಾಪ ಸಭೆ ಏರ್ಪಡಿಸಿದ್ದು. ಸಭೆ ಚೆನ್ನಾಗಿಯೇ ನಡೆಯಿತು. ಇಬ್ಬರು ಅತ್ತರು. ಮೃತರು ಖುದ್ದಾಗಿ ಬಂದು ಮೈಕ್ ಕಿತ್ತುಕೊಂಡದ್ದೇ ರಸಭಂಗ.

ದೊಡ್ಡಜ್ಜಿ ಅಂದರೆ ಅಜ್ಜನ ಅಕ್ಕ. ತೊಂಬತ್ತಾರು. ಹೂ, ಎಲೆ, ಬೇರು, ಬೀಜ... ಹುಡುಗಿಯಾಗಿದ್ದಾಗಿನಿಂದ ಇವುಗಳ ಚಿತ್ರವನ್ನೇ ಬರೆದವರು. ಒಂದು ಕಾಲಕ್ಕೆ ಈ ಬೀದಿಯಷ್ಟೂ ಈ ಮನೆತನದ್ದು. ಈಗ ಉಳಿದದ್ದು ಮನೆ, ಗಾಜಿನಮನೆ, ಹಿಂದೊಂದು ತುಂಡು ತೋಟ. ಆದರೂ ಅಡುಗೆಯಮ್ಮ ಅವರೆದುರು ಕೂರುವುದಿಲ್ಲ. ಮನೆಯ ಯಜಮಾನಿಕೆ ನೋಡಿಕೊಳ್ಳುವ ಚಿಕ್ಕಪ್ಪ ಬಾಗಿಲು ತಟ್ಟದೆ ಒಳಗೆ ಕಾಲಿಡುವುದಿಲ್ಲ. ಅಪ್ಪ ಮಾತ್ರ ಈ ಮನೆಗೇ ಬರುವುದಿಲ್ಲ. ಯಾಕೋ ಹೇಳಿಲ್ಲ. "ನಿನ್ನಂಥವಳಿಗೆ ಅವರೇ ಸರಿ" ಅಂದು ಬಸ್ಸು ಹತ್ತಿಸಿದರು ಅಷ್ಟೆ.

ಆಗಸ್ಟ್ 7

ಜೀವನಚರಿತ್ರೆ, ಅಧ್ಯಾಯ ಎರಡು. ದೊಡ್ಡಜ್ಜಿ ಚಿತ್ರ ಬರೆಯುತ್ತಲೇ ಹೇಳುತ್ತಾರೆ. ನಾನು ನೆಲದ ಮೇಲೆ ಕೂತು ಗೀಚಿಕೊಳ್ಳುತ್ತೇನೆ. ಸಸ್ಯೋದ್ಯಾನದವರು ಅವರ ಚಿತ್ರಗಳನ್ನೆಲ್ಲ ಒಂದು ಕಟ್ಟಡದಲ್ಲಿ ತೂಗುಹಾಕುತ್ತಿದ್ದಾರೆ. ಅದರ ಜೊತೆಗೆ ಬರುವ ಪುಸ್ತಕಕ್ಕೆ ಇದು.

"ನಿಮ್ಮ ಮದುವೆ ಯಾಕಾಗಲಿಲ್ಲ ಅಂತ ಬರ್ಕೊಳ್ಳಲಿ?"

"ನಿಶ್ಚಯ ಆಗಿತ್ತು. ದೊಡ್ಡ ಮನೆತನ. ಒಳ್ಳೆ ಹುಡುಗ. ಕೆರೆದಂಡೇಲಿ ಕೂತು ಬರೀತಿದ್ದೆ. ಪಕ್ಕದಲ್ಲಿ ಕೂತ. ತುಂಬಾ ಹೊತ್ತು ನೋಡ್ದ. ಆಮೇಲೆ ಪ್ರೀತಿ ಉಕ್ಕಿ ಬಂತೋ ಏನೋ, ನಾನು ಬರೀತಿದ್ದ ಹೂವನ್ನೇ ಕಿತ್ತು ಕೈಗೆ ಕೊಟ್ಟ."

"ಆಮೇಲೆ?"

"ಆಮೇಲೇನು. ಅರ್ಧ ಆಗಿತ್ತು ಕಣೇ ಹೂವು! ಅವತ್ತೇ ಉಂಗುರ ವಾಪಸ್ಸು."

ನಕ್ಕೂ ನಕ್ಕೂ ನನ್ನ ಪೆನ್ನು ಬಿತ್ತು. ಅವರು ನಗಲಿಲ್ಲ. "ಬಗ್ಗಿ ಎತ್ಕೋ, ಕೋತಿ" ಅಂದರು. ಈ ಮನೆಯಲ್ಲಿ ನನ್ನ ನಾಮಧೇಯ ಅದೇ.

ಆಗಸ್ಟ್ 10

ಅವರ ಮೇಜಿನ ಮೇಲಿದ್ದ ಎಲೆಗೆ ಕಾಗದದ ಜೀರುಂಡೆಯೊಂದನ್ನು ಮಾಡಿ ಅಂಟಿಸಿದ್ದೆ. ಎರಡು ದಿನದ ಶ್ರಮ. ಭೂತಗನ್ನಡಿ ಹಿಡಿದು ಒಂದು ನಿಮಿಷ ನೋಡಿದರು.

"ಹಿಂಗಾಲು ಹೊಟ್ಟೆಯಿಂದ ಹುಟ್ಟಲ್ಲ, ಎದೆಯಿಂದ ಹುಟ್ಟತ್ತೆ. ಸುಳ್ಳು ಹೇಳೋದಾದ್ರೆ ಕಾಲು ಎಣಿಸಿ ಹೇಳು."

ಆಮೇಲೆ ಅದನ್ನೂ ಗಂಭೀರವಾಗಿ ಬರೆದು ಕೆಳಗೆ 'ಮರ್ಕಟ ಕೀಟ, ಗಂಡುಬೀರಿ ಪ್ರಭೇದ' ಎಂದು ನಮೂದಿಸಿದರು. ಸೋತೆ. ಸೋಲು ಇಷ್ಟು ಗೌರವಾನ್ವಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಕೊನೆಯ ಚಿತ್ರ ಒಂದು ಬಾಕಿ. ಅದಾದ ಮೇಲೆ ಕುಂಚ ಕೆಳಗಿಡುತ್ತಾರಂತೆ. ಯಾವ ಹೂ? ಗಾಜಿನಮನೆಯ ರಾಣಿಯರಲ್ಲ. ಹಿತ್ತಲ ಚರಂಡಿ ಅಂಚಿನಲ್ಲಿ ಹರಡಿದ ಕಳೆ! ಮೂರೆಸಳು. ಎರಡು ನೀಲಿ, ಕೆಳಗೊಂದು ಸಣ್ಣದು. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಕರಗಿ ನೀರಾಗುತ್ತದೆ. ಒತ್ತಿ ಒಣಗಿಸಿದರೆ ಬಣ್ಣ ನಿಲ್ಲುವುದಿಲ್ಲ. ಫೋಟೋದಲ್ಲಿ ಇನ್ನೇನೋ ಆಗುತ್ತದೆ.

"ಎಲ್ಲರೂ ತುಳ್ಕೊಂಡು ಹೋಗ್ತಾರೆ. ಇದರ ನೀಲಿ ಯಾರೂ ಹಿಡಿದಿಲ್ಲ. ನಾನೂ ಹಿಡಿದಿಲ್ಲ" ಅಂದರು.

ಆಗಸ್ಟ್ 13

ಇವತ್ತಿನದು ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಅವರ ಬಣ್ಣದ ತಟ್ಟೆ ಪಿಂಗಾಣಿಯದು. ಸಾಲಾಗಿ ಗುಳಿಗಳು. ಯಾವ ಗುಳಿಗೆ ಯಾವ ಬಣ್ಣ ಅನ್ನುವುದು ಎಪ್ಪತ್ತು ವರ್ಷದಿಂದ ಬದಲಾಗಿಲ್ಲ. ತಟ್ಟೆ ನೋಡದೆಯೇ ಕುಂಚ ಹೋಗಿ ಅದ್ದಿ ಬರುತ್ತದೆ. ಬೆಳಿಗ್ಗೆ ಬಣ್ಣ ತುಂಬುವಾಗ ದುರ್ಬುದ್ಧಿ ಬಂತು. ನೀಲಿ ಇರಬೇಕಾದಲ್ಲಿ ಮಣ್ಣುಗಂದು, ಮಣ್ಣುಗಂದು ಇರಬೇಕಾದಲ್ಲಿ ನೀಲಿ ತುಂಬಿದೆ. ಮೊದಲ ಗೆರೆಗೇ ಸಿಕ್ಕಿಬೀಳುತ್ತೇನೆ, ಕಿವಿ ಹಿಂಡಿಸಿಕೊಳ್ಳುತ್ತೇನೆ ಎಂಬ ಅಂದಾಜು. ತಪ್ಪೊಪ್ಪಿಗೆಯ ಭಾಷಣವನ್ನೂ ತಯಾರು ಮಾಡಿಕೊಂಡಿದ್ದೆ, 'ಮಾನ್ಯ ನ್ಯಾಯಪೀಠಕ್ಕೆ' ಎಂದು ಶುರುವಾಗುವಂಥದ್ದು.

ಅದ್ದಿದರು. ಎಳೆದರು. ಇನ್ನೊಮ್ಮೆ ಅದ್ದಿದರು. ಉಸಿರು ಬಿಗಿಹಿಡಿದು ಎರಡೂ ಎಸಳು ತುಂಬಿದರು. ಹಾಳೆಯನ್ನು ಕೈ ಉದ್ದಕ್ಕೆ ಹಿಡಿದು ತಲೆ ಓರೆ ಮಾಡಿದರು.

"ಕೊನೆಗೂ ಸಿಕ್ತು ಕಣೇ ಆ ನೀಲಿ. ಹೇಗಿದೆ?"

ಹಾಳೆಯ ಮೇಲೆ ಒಣಗಿದ ಚಹಾ ಕಲೆಯಂಥ ಹೂ.

"ಚೆನ್ನಾಗಿದೆ ಅಜ್ಜಿ" ಅಂದೆ.

ಆಗಸ್ಟ್ 13, ಮಧ್ಯಾಹ್ನ

ಅವರು ಮಲಗಿದ್ದಾರೆ. ಚಪ್ಪಟೆ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಹಳೆಯವನ್ನು ನೋಡಿದರೆ ಕೈ ಚಾಚಿ ಮುಟ್ಟಬೇಕು ಅನ್ನಿಸುತ್ತದೆ, ಬೆರಳಿಗೆ ಇಬ್ಬನಿ ಹತ್ತೀತು ಅನ್ನುವ ಹಾಗೆ. ಕೆಳಗಿನ ಡ್ರಾಯರುಗಳಿಗೆ ಬಂದಂತೆ... ಗೆರೆ ಅದೇ. ಎಲೆಯ ನರ, ಕಾಂಡದ ರೋಮ, ಯಾವುದೂ ತಪ್ಪಿಲ್ಲ. ಬಣ್ಣ ಮಾತ್ರ ನಿಧಾನಕ್ಕೆ ಇಳಿಯುತ್ತಾ ಹೋಗಿದೆ. ಹಸಿರು ಕೊಳೆಯುತ್ತದೆ. ಬಿಳಿ ಹಳೇ ಕಾಗದವಾಗುತ್ತದೆ. ನೀಲಿ ಇಲ್ಲವೇ ಇಲ್ಲ. ಮೂಲೆಯಲ್ಲಿ ಬರೆದ ವರ್ಷ ನೋಡಿದರೆ, ಹದಿನೈದು ವರ್ಷದಷ್ಟು ಚಿತ್ರಗಳು.

ಕಂದು ಹೂವಿನ ಹಾಳೆಯನ್ನು ನನ್ನ ಹಾಸಿಗೆ ಕೆಳಗೆ ಬಚ್ಚಿಟ್ಟೆ. ತಟ್ಟೆ ಸರಿಮಾಡಿದೆ. ಎದ್ದ ಮೇಲೆ ಹಾಳೆ ಕೇಳಿದರೆ ಚಹಾ ಚೆಲ್ಲಿದೆ ಅನ್ನಬೇಕು. ಪೂರ್ತಿ ಸುಳ್ಳೂ ಅಲ್ಲ.

ಆಗಸ್ಟ್ 16

ಸಸ್ಯೋದ್ಯಾನದ ನಿರ್ದೇಶಕರು ಬಂದಿದ್ದರು. ಬೊಕ್ಕತಲೆ, ಕೋಟು, ಮಾತಿಗೊಮ್ಮೆ ಬಗ್ಗುವ ಬೆನ್ನು. ದೊಡ್ಡಜ್ಜಿ ಹೋದ ವರ್ಷದ ಚಿತ್ರವೊಂದನ್ನು ತೋರಿಸಿದರು. "ಅದ್ಭುತ ಅಮ್ಮಾವ್ರೇ, ಅದ್ಭುತ" ಅಂದರು. ಅವರು ಹೊರಟಾಗ ಹಜಾರದವರೆಗೂ ಹಿಂದೆ ಹೋದೆ.

"ಸರ್, ಒಂದು ಮಾತು. ಅಜ್ಜಿಗೆ ಬಣ್ಣ..."

ಸುತ್ತ ನೋಡಿ ದನಿ ಇಳಿಸಿದರು. "ಗೊತ್ತಮ್ಮ. ನಮಗೆಲ್ಲ ಗೊತ್ತು."

"ಗೊತ್ತಾ?"

"ಪುಸ್ತಕಕ್ಕೆ ಹೋಗುವಾಗ ಪ್ರೆಸ್ಸಿನಲ್ಲಿ ಒಬ್ಬರು ಸರಿಮಾಡ್ತಾರೆ. ಬಹಳ ವರ್ಷದಿಂದ."

"ಅಚ್ಚಾಗಿ ಬಂದಿದ್ದನ್ನ ಅಜ್ಜಿ ನೋಡಲ್ವಾ?"

"ನೋಡ್ತಾರಲ್ಲ. ಅದೇ ಕಣ್ಣಲ್ಲಿ ನೋಡ್ತಾರೆ. ಸರಿ ಇದೆ ಅಂತ ರುಜು ಹಾಕ್ತಾರೆ." ಸ್ವಲ್ಪ ನಕ್ಕರು. ನನ್ನ ಮುಖ ನೋಡಿ ನಗು ಮಡಚಿ ಒಳಗಿಟ್ಟರು. "ಅಂಥ ಮನೆತನ. ಅಂಥ ದೊಡ್ಡ ಜೀವ. ಯಾವ ಬಾಯಲ್ಲಿ ಹೇಳೋದು ನೀನೇ ಹೇಳು."

ಸತ್ಯ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಕೀಟಲೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಒಂದು ಇಡೀ ಸಂಸ್ಥೆ, ಒಂದು ಪ್ರೆಸ್ಸು, ಹದಿನೈದು ವರ್ಷ, ಒಬ್ಬರೂ ನಗದೆ. ಗುರುಗಳಿಗೆ ಅಡ್ಡಬೀಳಬೇಕು.

ಆಗಸ್ಟ್ 17

ಚಿಕ್ಕಪ್ಪನನ್ನು ಗಾಜಿನಮನೆಯಲ್ಲಿ ಹಿಡಿದೆ.

"ಕಣ್ಣಿನ ಪೊರೆ ಅಲ್ವಾ ಚಿಕ್ಕಪ್ಪ? ಆಪರೇಷನ್ ಮಾಡಿಸಬಹುದಲ್ವಾ?"

"ಮಾಡಿಸಬಹುದು. ಡಾಕ್ಟರು ಯಾವತ್ತೋ ಹೇಳಿದ್ರು."

"ಮತ್ತೆ?"

ಕುಂಡದಲ್ಲಿನ ಒಣ ಎಲೆಯೊಂದನ್ನು ಕಿತ್ತು ಕೈಯಲ್ಲಿ ಪುಡಿ ಮಾಡಿದ. "ಕಣ್ಣು ಬಂದ್ರೆ ಮೊದಲು ಏನು ನೋಡ್ತಾರೆ ಹೇಳು. ತಾವು ಬರೆದದ್ದನ್ನ. ಈ ವಯಸ್ಸಲ್ಲಿ ಅದನ್ನ ನೋಡ್ಬೇಕಾ ಅವರು? ನಾಳೆ ನಾಡಿದ್ದು ಹೋಗೋ ಜೀವ. ನೆಮ್ಮದಿಯಾಗಿ ಹೋಗ್ಲಿ ಬಿಡು. ನೀನು ಬಾಯಿಗೆ ಬೀಗ ಹಾಕ್ಕೊಂಡಿರು."

ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಪ್ರೀತಿಯೇ ಇತ್ತು.

ಆಗಸ್ಟ್ 22

ದಿನಾ ಬೆಳಿಗ್ಗೆ ನೀಲಿ ಕಳೆಯ ಮುಂದೆ ಕೂರುತ್ತಾರೆ. ಈಗ ತಟ್ಟೆಯಲ್ಲಿ ಸರಿಯಾದ ನೀಲಿಯೇ ಇದೆ. ಆದರೆ ಸಾಲದು ಅಂತ ಕಂದು ಬೆರೆಸುತ್ತಾರೆ, ಹಳದಿ ಬೆರೆಸುತ್ತಾರೆ. ಹೇಗಿದೆ ಅನ್ನುತ್ತಾರೆ. ಚೆನ್ನಾಗಿದೆ ಅನ್ನುತ್ತೇನೆ. ಈ ಪದ ಬಾಯಲ್ಲಿ ಸಾಬೂನಿನ ಹಾಗೆ ಆಗಿದೆ.

ಇವತ್ತು ಅವರಾಗಿಯೇ ಹೇಳಿದರು. "ಇದನ್ನೂ ಬರ್ಕೋ. ನಿಮ್ಮಜ್ಜ ಸಾಯೋವಾಗ ನಾನು ಹೋಗಲಿಲ್ಲ."

ಪೆನ್ನು ನಿಲ್ಲಿಸಿದೆ.

"ತಮ್ಮ. ನಾನೇ ಎತ್ತಿ ಆಡಿಸಿದ್ದು. ಇವತ್ತೋ ನಾಳೆಯೋ ಅಂತ ನಿಮ್ಮಪ್ಪ ಹೇಳಿಕಳಿಸಿದ. ಗಾಜಿನಮನೇಲಿ ಒಂದು ಬಿಳೀ ಹೂವಿನ ಮೊಗ್ಗು ಬಿರಿಯೋದ್ರಲ್ಲಿತ್ತು. ನೆಟ್ಟಿದ್ದು ನಮ್ಮಮ್ಮ. ಅದುವರೆಗೂ ಅರಳಿರಲಿಲ್ಲ. ಅರಳಿದ್ರೆ ಒಂದೇ ಹಗಲು. ಬರೆದು ಮುಗಿಸಿ ಹೋಗೋಣ ಅಂದ್ಕೊಂಡೆ." ಕುಂಚ ಒರೆಸಿದರು. "ಮುಗಿಸಿದೆ. ಅವನೂ ಮುಗಿಸಿದ. ನಿಮ್ಮಪ್ಪ ಆಮೇಲೆ ನನ್ನ ಹತ್ರ ಮಾತಾಡಿಲ್ಲ. ಅದು ಸರಿಯೇ. ಆದ್ರೆ ಆ ಚಿತ್ರ ಇದೆಯಲ್ಲ, ನಾನು ಬರೆದದ್ರಲ್ಲೆಲ್ಲ ಅದೇ ನಿಜವಾದದ್ದು. ಅಷ್ಟು ಬೆಲೆ ಕೊಟ್ಟಮೇಲೆ ನಿಜವಾಗ್ಲೇಬೇಕಲ್ಲ."

ಅವರು ಊಟಕ್ಕೆ ಎದ್ದ ಮೇಲೆ ಡ್ರಾಯರು ತೆಗೆದು ಹುಡುಕಿದೆ. ಒಂಬತ್ತು ವರ್ಷದ ಹಿಂದಿನದು.

ಬಿಳಿ ಹೂವಲ್ಲ ಅದು. ಕೊಳೆತ ಬೆಣ್ಣೆಯ ಬಣ್ಣ.

ಆಗಸ್ಟ್ 23

ಹೇಳಿಬಿಟ್ಟೆ.

ಬೆಳಿಗ್ಗೆ, ಅವರು ಕುಂಚ ಎತ್ತುವ ಮೊದಲೇ. ತಟ್ಟೆ ಬದಲಿಸಿದ್ದು, ಕಂದು ಹೂ, ಪ್ರೆಸ್ಸಿನವರು, ಡಾಕ್ಟರು, ಎಲ್ಲ. ಬಿಳಿ ಹೂವಿನದೊಂದನ್ನು ಮಾತ್ರ ಹೇಳಲಿಲ್ಲ. ಅಷ್ಟು ಧೈರ್ಯ ಎಲ್ಲಿಂದ ತರಲಿ.

ದೊಡ್ಡಜ್ಜಿ ನಕ್ಕರು!

"ಇದು ಜೀರುಂಡೆಗಿಂತ ಚೆನ್ನಾಗಿದೆ. ಮುಖ ಎಷ್ಟು ಸಪ್ಪಗೆ ಇಟ್ಕೊಂಡಿದ್ದೀಯ! ಸಂತಾಪ ಸಭೇಲೂ ಹೀಗೇ ನಿಂತಿದ್ದೆ ಅಲ್ವಾ?"

"ಅಜ್ಜಿ, ನಿಜವಾಗ್ಲೂ..."

"ನಿಜವಾಗ್ಲೂ ಅಂತ ಅವತ್ತೂ ಹೇಳಿರ್ತೀಯ."

ಅತ್ತೆ. ಅದನ್ನೂ ನಾಟಕ ಅಂದುಕೊಂಡರೇನೋ. ಆದರೆ ನಗು ನಿಂತಿತು. ತಟ್ಟೆ ತೋರಿಸಿ, ಬಣ್ಣಗಳ ಜಾಗ ಅದಲುಬದಲು ಮಾಡಿ ತುಂಬಿ ಕೊಡು ಅಂದರು. ತುಂಬಿಕೊಟ್ಟೆ. ತುಂಬಾ ಹೊತ್ತು ನೋಡಿದರು. ಕಿಟಕಿಯ ಹತ್ತಿರ ಹಿಡಿದರು. ಮೂಲೆಯ ಗುಳಿಯೊಂದರ ಮೇಲೆ ಬೆರಳಿಟ್ಟರು.

"ಇದು ನೀಲಿ."

"ಅಲ್ಲ ಅಜ್ಜಿ."

"ನೀನು ಅಲ್ಲ ಅನ್ನೋದನ್ನ ನಾನು ಹೇಗೆ ನಂಬೋದು? ಬೇರೆಯವರನ್ನ ಕೇಳಿದ್ರೆ ನೀವು ಹೇಳಿದ್ದೇ ಸರಿ ಅಮ್ಮಾವ್ರೇ ಅಂತಾರೆ." ಆಮೇಲೆ ಅಡುಗೆಯಮ್ಮನನ್ನು ಕೂಗಿದರು.

ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು.

"ನೀಲಿ ಬಣ್ಣ ಕೆಟ್ಟಿದೆ. ಆ ಒಂದು ಗುಳಿ ತೊಳ್ಕೊಂಡು ಬಾ. ಬೇರೆ ಮುಟ್ಟಬೇಡ."

ತಟ್ಟೆ ತೆಗೆದುಕೊಂಡು ಹೋದಳು. ನಲ್ಲಿಯ ಸದ್ದು. ವಾಪಸ್ಸು ತಂದಿಟ್ಟಳು. ದೊಡ್ಡಜ್ಜಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ತಾವು ಹೇಳಿದ್ದ ಮೂಲೆಯ ಗುಳಿಗೆ ಬೆರಳಿಟ್ಟರು. ಬೆರಳು ಬಣ್ಣದಲ್ಲಿ ಮುಳುಗಿತು. ಆಮೇಲೆ ಒಂದೊಂದೇ ಗುಳಿ ತಡವುತ್ತಾ ಹೋದರು. ಎದುರು ಸಾಲಿನ ಕೊನೆಯದು ಖಾಲಿ, ಬರೀ ತಣ್ಣನೆ ಪಿಂಗಾಣಿ. ಬೆರಳು ಅಲ್ಲೇ ನಿಂತಿತು.

"ತಪ್ಪಾಯ್ತಾ ಅಮ್ಮಾವ್ರೇ?" ಅಂದಳು ಅಡುಗೆಯಮ್ಮ.

"ಇಲ್ಲ. ಸರಿಯಾಗೇ ತೊಳೆದಿದ್ದೀಯ. ಹೋಗು."

ಬೆರಳಿಗೆ ಹತ್ತಿದ್ದ ಬಣ್ಣವನ್ನು ನನ್ನ ಮುಂದೆ ಹಿಡಿದರು. "ಇದು ಏನು?"

"ಕಂದು."

ಕೈ ಮಡಿಲಲ್ಲಿ ಇಟ್ಟುಕೊಂಡು ಕೂತರು. ಬಿಳಿ ಸೀರೆಗೆ ಕಲೆಯಾಯಿತು. ನಾನು ಒರೆಸಲು ಹೋದರೆ ಬೇಡವೆಂದರು.

ಸೆಪ್ಟೆಂಬರ್ 9

ಏನೂ ಬರೆದಿಲ್ಲ ಇಷ್ಟು ದಿನ. ಬರೆಯುವಂಥದ್ದೂ ಆಗಲಿಲ್ಲ. ಕುಂಚಗಳು ಒಣಗಿ ನಿಂತಿವೆ. ದೊಡ್ಡಜ್ಜಿ ಕಿಟಕಿಯ ಕಡೆ ಬೆನ್ನು ಹಾಕಿ ಕೂರುತ್ತಾರೆ. ಚಿಕ್ಕಪ್ಪ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಒಮ್ಮೆ ಮೆಟ್ಟಿಲ ಬಳಿ ಎದುರಾಗಿ, "ಸಮಾಧಾನ ಆಯ್ತಾ?" ಅಂದ. ಆಗಲಿಲ್ಲ.

ಇವತ್ತು ಊಟದ ಮಧ್ಯೆ, ಚಮಚ ಕೆಳಗಿಡುತ್ತಾ ದೊಡ್ಡಜ್ಜಿ ಅಂದರು, "ಡಾಕ್ಟರಿಗೆ ಹೇಳಿ. ಒಂದು ಕಣ್ಣು ಸಾಕು. ಭೂತಗನ್ನಡೀಲಿ ಹೇಗೂ ಒಂದರಲ್ಲೇ ನೋಡೋದು."

"ದೊಡ್ಡತ್ತೆ, ಈ ವಯಸ್ಸಲ್ಲಿ..." ಅಂದ ಚಿಕ್ಕಪ್ಪ.

"ಹದಿನೈದು ವರ್ಷದ ಹಿಂದೆ ವಯಸ್ಸಿತ್ತು ಮಗಾ. ಆಗ ಯಾರೂ ಬಾಯಿ ಬಿಡ್ಲಿಲ್ಲ."

ಅವನು ತಟ್ಟೆ ಬಿಟ್ಟು ಎದ್ದು ಹೋದ. ಹಜಾರದಲ್ಲಿ ಅವನು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ಸೆಪ್ಟೆಂಬರ್ 18

ಆಪರೇಷನ್ ಆದ ಕಣ್ಣಿನ ಪಟ್ಟಿಯನ್ನು ಡಾಕ್ಟರು ಬಿಚ್ಚಿದರು. ದೊಡ್ಡಜ್ಜಿ ಮೊದಲು ತಮ್ಮ ಕೈ ನೋಡಿಕೊಂಡರು, ಮಗುಚಿ ಮಗುಚಿ. "ಯಾರ ಕೈ ಇದು" ಅಂದರು. ಆಮೇಲೆ ನನ್ನ ಮುಖ.

"ಮೊಡವೆ ಇದೆಯಲ್ಲೇ ಕೋತಿ! ಯಾರೂ ಹೇಳಲೇ ಇಲ್ಲ."

"ನಿಮ್ಮ ಎದುರಿಗೆ ಎಲ್ಲರೂ ಎಲ್ಲವನ್ನೂ ಮುಚ್ಚಿಟ್ಟಿದ್ದಾರೆ, ನನ್ನ ಮೊಡವೆ ಯಾವ ಲೆಕ್ಕ" ಅಂದೆ.

ಡಾಕ್ಟರು ನಕ್ಕರು. ದೊಡ್ಡಜ್ಜಿಯೂ ನಕ್ಕರು. ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು. "ಈ ಕಡೆ ಸಂಜೆ, ಆ ಕಡೆ ಬೆಳಿಗ್ಗೆ." ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನೀಲಿ ಎಣಿಸಿದರು. ಒಂದು ಬಾಗಿಲು. ಯಾರದೋ ಅಂಗಿ. ಪ್ಲಾಸ್ಟಿಕ್ ಬಕೆಟ್. ಆಕಾಶದ ಕಡೆ ಮಾತ್ರ ತಲೆ ಎತ್ತಲಿಲ್ಲ. ಯಾಕೆ ಅಂದೆ. "ಒಂದೇ ಸಲಕ್ಕೆ ಬೇಡ" ಅಂದರು.

ಸೆಪ್ಟೆಂಬರ್ 19

ಡ್ರಾಯರುಗಳನ್ನು ತರಿಸಿಕೊಂಡರು.

ಸೆಪ್ಟೆಂಬರ್ 22

ಮೂರು ದಿನ ಅದೇ. ನಾನು ಒಂದೊಂದೇ ಹಾಳೆ ಎತ್ತಿ ಹಿಡಿಯುವುದು, ಅವರು "ಎಡಕ್ಕೆ", ಇಲ್ಲ "ಬಲಕ್ಕೆ" ಅನ್ನುವುದು. ಎಡಕ್ಕೆ ನಿಜ. ಬಲಕ್ಕೆ ಸುಳ್ಳು. ದನಿಯಲ್ಲಿ ಏರಿಳಿತವಿಲ್ಲ, ತರಕಾರಿ ಆರಿಸುವವರ ಹಾಗೆ. ಮೊದಲ ದಿನ ಬಲಗಡೆ ನೆಲ ಕಾಣುತ್ತಿತ್ತು. ಇವತ್ತು ಕಾಣುತ್ತಿರಲಿಲ್ಲ.

ಅಚ್ಚಾದ ಪುಸ್ತಕಗಳನ್ನೂ ನೋಡಿದರು. ಪ್ರೆಸ್ಸಿನವರು ಸರಿಮಾಡಿದ ಚಿತ್ರವೊಂದರ ಮೇಲೆ ಉಗುರಿಟ್ಟು, "ಇವನು ಗಿಡ ನೋಡಿಲ್ಲ" ಅಂದರು. "ಬಣ್ಣ ಚೆಂದ ಇದೆ. ಆದ್ರೆ ಯಾವುದೋ ಬೇರೆ ಚಿತ್ರ ನೋಡಿ ತುಂಬಿದ್ದಾನೆ. ನಾನು ನೋಡಿ ಸುಳ್ಳು ಬರೆದೆ. ಇವನು ನೋಡದೆ ಸುಳ್ಳು ಬರೆದ."

"ನಿಮ್ಮದು ಸುಳ್ಳಲ್ಲ ಅಜ್ಜಿ. ಕಂಡಿದ್ದನ್ನೇ ಬರೆದಿರಿ."

"ಅದು ನನಗೆ ಸಮಾಧಾನ. ಗಿಡಕ್ಕೇನು ಬಂತು?"

ಮಧ್ಯಾಹ್ನದ ಮೇಲೆ ಆ ಬಿಳಿ ಹೂವಿನ ಹಾಳೆ ಬಂತು. ಎರಡು ಹಾಳೆ ಹಿಂದೆಯೇ ನನಗೆ ಕಂಡಿತ್ತು, ಅಡಿಗೆ ಸೇರಿಸಿಬಿಡೋಣ ಅಂತ ಕೈ ಹೋಗಿತ್ತು. ಸೇರಿಸಲಿಲ್ಲ. ಎತ್ತಿ ಹಿಡಿದೆ.

ನೋಡಿದರು. ಹೊಸ ಕಣ್ಣು ಮುಚ್ಚಿ, ಹಳೆಯದರಲ್ಲಿ ನೋಡಿದರು. ಮತ್ತೆ ಹೊಸದರಲ್ಲಿ.

ಎಡ ಅನ್ನಲಿಲ್ಲ, ಬಲ ಅನ್ನಲಿಲ್ಲ. "ಸಾಯೋವಾಗ ತಮ್ಮ ನನ್ನ ಹೆಸರು ಹಿಡಿದು ಕರೀತಿದ್ನಂತೆ" ಅಂದರು.

ಆಮೇಲೆ ನಾವಿಬ್ಬರೂ ಕತ್ತಲಾಗುವವರೆಗೆ ಹಾಗೇ ಇದ್ದೆವು. ದೀಪ ಹಾಕಲೇ ಅಂತ ಕೇಳಲು ಬಂದ ಅಡುಗೆಯಮ್ಮ ಕೇಳದೆಯೇ ಹೋದಳು. ಇದರಲ್ಲಿ ತಮಾಷೆ ಎಲ್ಲಿದೆ ಅಂತ ಹುಡುಕಿದೆ. ನನ್ನ ಕಸುಬೇ ಅದು. ಸಿಗಲಿಲ್ಲ.

ಸೆಪ್ಟೆಂಬರ್ 26

ನಿರ್ದೇಶಕರನ್ನು ಕರೆಸಿದರು. ಬಲಗಡೆಯ ರಾಶಿ ತೋರಿಸಿ, ಇವು ಯಾವುವೂ ಗೋಡೆ ಹತ್ತಬಾರದು ಅಂದರು.

"ಅಮ್ಮಾವ್ರೇ, ಗೋಡೆಗೆ ಮೊಳೆ ಹೊಡೆದಾಗಿದೆ. ಆಹ್ವಾನ ಹೋಗಿದೆ. ಕೊನೇ ಕೋಣೆ ಪೂರ್ತಿ ಖಾಲಿ ಆಗತ್ತೆ."

"ಆಗಲಿ. ಮೊಳೆ ಹಾಗೇ ಇರಲಿ. ಜನ ಬಂದು ಮೊಳೆ ನೋಡ್ಲಿ."

"ಅದ್ಯಾಕೆ ಅಂತ ಕೇಳಿದ್ರೆ ಏನು ಹೇಳೋದು?"

"ನೀವು ಹದಿನೈದು ವರ್ಷ ಏನು ಹೇಳ್ಲಿಲ್ವೋ ಅದನ್ನ ಹೇಳಿ."

ಬೊಕ್ಕತಲೆಯ ಮೇಲೆ ಬೆವರು ಮೂಡಿದ್ದು ನೋಡಿ ನನಗೆ ಖುಷಿಯಾಗಬೇಕಿತ್ತು. ಪಾಪ ಅನ್ನಿಸಿತು. ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದರು, ಶಾಲೆ ಹುಡುಗನ ಹಾಗೆ.

ಅವರನ್ನು ಕಳಿಸಿದ ಮೇಲೆ ದೊಡ್ಡಜ್ಜಿ ಅಂದರು, "ಆ ಕೋಣೆಗೆ ಒಂದು ಕೊಡ್ತೀನಿ. ಒಂದೇ ಒಂದು. ಕಣ್ಣು ಬಿಟ್ಟು ಬರೆದದ್ದು."

ಹಿತ್ತಲಿಗೆ ಓಡಿದೆ. ಚರಂಡಿಯಂಚು ಲಕಲಕ ಹೊಳೆಯುತ್ತಿತ್ತು. ದೊಡ್ಡಜ್ಜಿ ಆಸ್ಪತ್ರೆಯಲ್ಲಿದ್ದಾಗ, ಆಮೇಲೆ ಅವರನ್ನು ನೋಡಲು ಮನೆಗೆ ಬರುವ ಗಣ್ಯರಿಗಾಗಿ ಚಿಕ್ಕಪ್ಪ ಎಲ್ಲ ಕಳೆ ಕೀಳಿಸಿದ್ದಾನೆ. ಬೇರು ಸಮೇತ. ಮೇಲೆ ಜಲ್ಲಿ.

ಅಕ್ಟೋಬರ್ 5

ಹತ್ತು ದಿನದಿಂದ ಬೆಳಿಗ್ಗೆ ಬೀದಿ ಬೀದಿ ಸುತ್ತುತ್ತಿದ್ದೇನೆ, ಕಣ್ಣು ನೆಲದ ಮೇಲೆ. ಹರೆಯದ ಹುಡುಗಿ ಚರಂಡಿ ನೋಡುತ್ತಾ ನಡೆದರೆ ಲೋಕ ಎಷ್ಟು ಕಳಕಳಿಯಿಂದ ವಿಚಾರಿಸುತ್ತದೆ! "ಏನು ಬಿತ್ತಮ್ಮಾ? ಕಿವಿಯೋಲೆಯಾ?" "ನನ್ನ ಮಾನ" ಅಂದೆ ಒಬ್ಬರಿಗೆ. ಅವರು ಗಾಬರಿಯಾಗಿ ತಾವೂ ಹುಡುಕತೊಡಗಿದರು.

ಬಿಸಿಲು ಏರುತ್ತಿದೆ. ಸಿಕ್ಕ ಕಡೆಯೆಲ್ಲ ಬರೀ ಒಣ ಕಾಂಡ. ಅದರ ಕಾಲ ಮುಗಿಯುತ್ತಾ ಬಂತು.

ದೊಡ್ಡಜ್ಜಿಗೆ ಕೆಮ್ಮು. ಮನೆಗೇ ಬಂದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ಅದನ್ನು ಚೀಲಕ್ಕೆ ಹಾಕುವಾಗ ತುಂಬಾ ನಿಧಾನ ಮಾಡಿದರು. ಇಷ್ಟವಾಗಲಿಲ್ಲ. ಚಿಕ್ಕಪ್ಪನ ಜೊತೆ ಗೇಟಿನ ತನಕ ಹೋಗಿ ಮಾತಾಡಿದರು. ಅದಂತೂ ಇಷ್ಟವೇ ಆಗಲಿಲ್ಲ.

ಅಕ್ಟೋಬರ್ 8

ಸಿಕ್ಕಿತು!! ಹುಡುಕಿದ್ದು ನಾನಲ್ಲ. ಚಿಕ್ಕಪ್ಪ.

ಸಂಜೆ ಬಕೆಟ್ ಹಿಡಿದು ಬಂದ. ಪ್ಯಾಂಟಿಗೆಲ್ಲ ಕೆಸರು, ಬೂಟು ಕೈಯಲ್ಲಿ. ಬಕೆಟ್ಟಿನಲ್ಲಿ ಮಣ್ಣಿನ ಹೆಂಟೆ ಸಮೇತ ಗಿಡ. ಎರಡು ಮೊಗ್ಗು ಬಾಕಿ. ರೈಲ್ವೆ ಯಾರ್ಡಿನ ಹಿಂದೆ, ನೀರು ಸೋರುವ ಟ್ಯಾಂಕಿನ ಅಡಿಯಲ್ಲಿ ಇತ್ತಂತೆ.

"ಇದೇ ಅಲ್ವಾ? ನೋಡು, ಸರಿಯಾಗಿ ನೋಡು" ಅಂದ. ಕಿತ್ತಿಸಿದ್ದು ತಾನೇ ಅಂತ ಹೇಳಲಿಲ್ಲ. ನಾನೂ ಹೇಳಲಿಲ್ಲ.

ದೊಡ್ಡಜ್ಜಿಗೆ ಎದ್ದು ಕೂರಲು ಆಗುತ್ತಿಲ್ಲ. ಬಕೆಟ್ಟನ್ನು ಹಾಸಿಗೆ ಪಕ್ಕದ ಸ್ಟೂಲಿನ ಮೇಲಿಟ್ಟೆವು. ಎಲೆ ಸವರಿ, "ಕಳ್ಳ" ಅಂದರು, ಗಿಡಕ್ಕೋ ಚಿಕ್ಕಪ್ಪನಿಗೋ ತಿಳಿಯಲಿಲ್ಲ.

ಅಕ್ಟೋಬರ್ 9

ಮೊದಲ ಮೊಗ್ಗು ಅರಳಿತು. ದೊಡ್ಡಜ್ಜಿಗೆ ಎಚ್ಚರವಾಗಲಿಲ್ಲ. ಜ್ವರ. ಹಣೆ ಮುಟ್ಟಿ ಕರೆದೆ, ಭುಜ ಅಲುಗಿಸಿದೆ. ಹೂ ಪಕ್ಕದಲ್ಲೇ ಅರಳಿ, ಪಕ್ಕದಲ್ಲೇ ಕರಗಿತು. ಮಧ್ಯಾಹ್ನ ಕಣ್ಣು ಬಿಟ್ಟು ಬಕೆಟ್ ಕಡೆ ನೋಡಿದರು. ಎಸಳಿದ್ದ ಜಾಗದಲ್ಲಿ ಒಂದು ಹನಿ.

"ಇನ್ನೊಂದಿದೆ" ಅಂದೆ.

"ನಿನಗಿದೆ" ಅಂದರು. ಅರ್ಥ ಕೇಳಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಬಿಳಿ ಹೂವಿನದನ್ನೂ. "ಬರ್ತೀನಿ ಅಂತ ಹೇಳ್ಬೇಡ" ಅಂದರು ಕೊನೆಗೆ. ಬರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ.

ಅಕ್ಟೋಬರ್ 11, ಬೆಳಿಗ್ಗೆ ಏಳೂವರೆ

ಅರಳಿದೆ. ದೊಡ್ಡಜ್ಜಿ ಎಚ್ಚರವಾಗಿದ್ದಾರೆ! ಅಡುಗೆಯಮ್ಮ, ಚಿಕ್ಕಪ್ಪ, ನಾನು ಮೂವರೂ ಸೇರಿ ದಿಂಬು ಒತ್ತಿ ಕೂರಿಸಿದೆವು. ತೊಡೆಯ ಮೇಲೆ ಹಲಗೆ. ಬಣ್ಣ ತುಂಬದೆ ಉಳಿದಿದ್ದ ಹಾಳೆ, ಪೆನ್ಸಿಲ್ ಗೆರೆ ಆಗಸ್ಟಿನದೇ. ಅದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಬಣ್ಣ ಮಾತ್ರ.

"ಚೆನ್ನಾಗಿದೆ ಅನ್ನೋ ಮಾತು ಇನ್ನು ಈ ಕೋಣೇಲಿ ಕೂಡದು. ಸರಿ, ಇಲ್ಲ ತಪ್ಪು. ಎರಡೇ" ಅಂದರು.

"ನಿಮಗೇ ಕಾಣತ್ತಲ್ಲ ಅಜ್ಜಿ ಈಗ."

"ನನ್ನ ಕಣ್ಣು ನನಗೆ ಒಂದು ಸಲ ಮೋಸ ಮಾಡಿದೆ. ಸುಳ್ಳು ಹೇಳೋಕೆ ಬರೋಳು ನೀನೊಬ್ಬಳೇ. ನೀನು ನಿಜ ಹೇಳಿದ್ರೆ ಗೊತ್ತಾಗತ್ತೆ."

ಒಂಬತ್ತು ಗಂಟೆ

ಪಕ್ಕದ ಹಾಳೆಯ ಮೇಲೆ ಮೊದಲು ಬಣ್ಣದ ಪಟ್ಟಿ ಎಳೆದು ನೋಡುತ್ತಾರೆ. ಎರಡು ಆಯಿತು. ಎರಡಕ್ಕೂ ತಪ್ಪು ಅಂದೆ. ಮೊದಲನೆಯದರಲ್ಲಿ ಕೆಂಪು ಹೆಚ್ಚು. ಎರಡನೆಯದು ಸತ್ತ ನೀಲಿ. ಒಂದೊಂದು ಬೆರಕೆಗೂ ಇಷ್ಟು ಹೊತ್ತು. ಕೈ ನಡುಗಿದಾಗ ಚಿಕ್ಕಪ್ಪ ಮಣಿಕಟ್ಟಿನ ಅಡಿಗೆ ತನ್ನ ಅಂಗೈ ಕೊಡುತ್ತಾನೆ. ನಾನು ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದೇನೆ, ಕೈಗೆ ಬೇರೆ ಕೆಲಸವಿಲ್ಲ.

ಹತ್ತೂ ಮುಕ್ಕಾಲು

ಮೂರನೆಯದೂ ತಪ್ಪು. ಅದನ್ನು ಹೇಳುವಾಗ ಚಿಕ್ಕಪ್ಪ ನನ್ನ ಕಡೆ ನೋಡಿದ. ಒಮ್ಮೆ ಸರಿ ಅಂದುಬಿಡು ಅನ್ನುವ ನೋಟ. ತುಟಿ ಬೆಳ್ಳಗಾಗಿದೆ ದೊಡ್ಡಜ್ಜಿಯದು. ಮಲಗಿ ಅಂದರೆ ಕೇಳುವುದಿಲ್ಲ. ಕೆಳಗೆ ಗೇಟಿನ ಸದ್ದಾಯಿತು, ಯಾರೋ ಬಂದರು, ಅಪ್ಪನೋ ಏನೋ. ಅಡುಗೆಯಮ್ಮ ಇಳಿದು ಹೋದಳು.

ಎಸಳಿನ ಅಂಚು ಸುರುಟಲು ಶುರುವಾಗಿದೆ.

ಹನ್ನೊಂದೂಕಾಲು

ನಾಲ್ಕನೆಯದು. ಇದಕ್ಕೆ ಬಹಳ ಹೊತ್ತು ಹಿಡಿಯಿತು. ಎಳೆದು ಮುಗಿಸಿ, ಕುಂಚವನ್ನು ಕೆಳಗಿಡದೆ ನನ್ನನ್ನೇ ನೋಡುತ್ತಿದ್ದಾರೆ. ಕಣ್ಣು ತೇವ, ಹೊಸದೂ ಹಳೆಯದೂ. ಕೇಳುತ್ತಿಲ್ಲ, ಕಾಯುತ್ತಿದ್ದಾರೆ. ಇಲ್ಲಿಂದ ನೋಡಿದರೆ ಸರಿ ಅನ್ನಿಸುತ್ತದೆ. ಆದರೆ ಇಲ್ಲಿಂದ ಹೇಳಬಾರದು. ಹತ್ತಿರ ಹೋಗಬೇಕು, ಹಾಳೆಯನ್ನು ಹೂವಿನ ಪಕ್ಕ ಹಿಡಿಯಬೇಕು, ಹೂ ಇನ್ನೂ ಇರುವಾಗಲೇ. ಏಳುತ್ತಿದ್ದೇನೆ. ತಪ್ಪಾಗಿದ್ದರೆ ತಪ್ಪು ಅಂತಲೇ...